ಸೂಕಿಯ ಪತನಕ್ಕೆ ನಾವೇಕೆ ಸಂಭ್ರಮಿಸಬೇಕು?

2021ರ ಫೆಬ್ರವರಿ 1ರ ಮುಂಜಾನೆ ಬರ್ಮಾದ ಸೇನೆಯು ಚುನಾಯಿತ ಸರಕಾರವನ್ನು ಉರುಳಿಸಿ ಆಂಗ್ ಸಾನ್ ಸೂಕಿಯನ್ನು ಬಂಧಿಸಿತು. ಆ ಸುದ್ದಿ ಇಲ್ಲಿಗೆ ತಲುಪಿದಾಗ ನಮ್ಮ ಸಮುದಾಯದ ಅನೇಕ ಮನೆಗಳಲ್ಲಿ, ಮಸೀದಿಯ ಜಗಲಿಗಳಲ್ಲಿ, ಚಹಾದಂಗಡಿಗಳಲ್ಲಿ ಕೇಳಿಸಿದ್ದು ಒಂದೇ ಉದ್ಗಾರ: 'ಮಾಡಿದ್ದುಣ್ಣೋ ಮಹಾರಾಯ!' ರೋಹಿಂಗ್ಯಾ ಮುಸ್ಲಿಮರ ಗುಡಿಸಲುಗಳು ಉರಿಯುತ್ತಿದ್ದಾಗ ಬಾಯಿ ತೆರೆಯದ, ಬಾಯಿ ತೆರೆದಾಗ ಸೇನೆಯ ಪರವಾಗಿಯೇ ವಾದಿಸಿದ ಹೆಂಗಸಿಗೆ ಅದೇ ಸೇನೆಯ ಕೈಯಿಂದ ತಕ್ಕ ಶಾಸ್ತಿಯಾಯಿತು ಎಂಬ ಸಮಾಧಾನ ಅದು. ನಾವು ಕೂಡ ಅಂದು ಆ ಸಮಾಧಾನದಿಂದ ಪೂರ್ತಿ ಮುಕ್ತರಾಗಿದ್ದೆವು ಎಂದರೆ ಸುಳ್ಳಾದೀತು.

ಆದರೆ ಈ ಸಮಾಧಾನ ಎಷ್ಟು ಸಹಜವೋ ಅಷ್ಟೇ ಅಪಾಯಕಾರಿ. ಏಕೆಂದರೆ ಅಂದು ಸೆರೆಗೆ ಹೋದದ್ದು ಸೂಕಿ ಒಬ್ಬರೇ ಅಲ್ಲ. ಅದಕ್ಕೆ ಮೂರು ತಿಂಗಳ ಹಿಂದೆ, 2020ರ ನವೆಂಬರ್ 8ರಂದು ಸರತಿಯ ಸಾಲಿನಲ್ಲಿ ನಿಂತು ಮತ ಚಲಾಯಿಸಿದ್ದ ಒಂದು ದೇಶದ ಜನತೆಯ ತೀರ್ಪು ಸೆರೆಗೆ ಹೋಯಿತು. ಸೂಕಿಯ ಪಕ್ಷವು ಆ ಚುನಾವಣೆಯಲ್ಲಿ 476 ಸ್ಥಾನಗಳ ಪೈಕಿ 396ನ್ನು ಗೆದ್ದಿತ್ತು. ಅದನ್ನು ಕಸದಬುಟ್ಟಿಗೆ ಎಸೆದವರು ಯಾರು? 2017ರಲ್ಲಿ ಅರಕಾನಿನ ಹಳ್ಳಿಗಳಿಗೆ ಕೊಳ್ಳಿಯಿಟ್ಟ ಅದೇ ಸೇನೆ, ಅದೇ ಸೇನಾಪತಿ ಮಿನ್ ಆಂಗ್ ಹ್ಲೈಂಗ್. ಕೊಲೆಗಾರನು ತನ್ನ ವಕೀಲನ ಕತ್ತು ಹಿಚುಕಿದರೆ ಕೊಲೆಯಾದವನ ಬಂಧುಗಳು ಕೊಲೆಗಾರನಿಗೆ ಚಪ್ಪಾಳೆ ತಟ್ಟುವುದುಂಟೇ? ನಾವು ಮಾಡಿದ್ದು ಬಹುತೇಕ ಅದನ್ನೇ.

ಇಲ್ಲಿ ಬರ್ಮಾದ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕಾಗಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಆ ದೇಶದ ಪರಿಚಯವಿರುವುದು ಕೊನೆಯ ಮೊಗಲ್ ಬಾದಶಹಾ ಬಹದ್ದೂರ್ ಶಾ ಝಫರ್ ದೇಶಭ್ರಷ್ಟನಾಗಿ 1862ರಲ್ಲಿ ಕಣ್ಮುಚ್ಚಿದ ರಂಗೂನಿನ ಮೂಲಕ ಮಾತ್ರ. ಆದರೆ ಆ ದೇಶದ ಸ್ವಾತಂತ್ರ್ಯದ ಬುನಾದಿಯಲ್ಲೇ ಮುಸ್ಲಿಮನೊಬ್ಬನ ರಕ್ತವಿದೆ ಎಂಬುದು ಎಷ್ಟು ಮಂದಿಗೆ ಗೊತ್ತು? 1947ರ ಜುಲೈ 19ರಂದು ಸೂಕಿಯ ತಂದೆ, ಬರ್ಮಾದ ಸ್ವಾತಂತ್ರ್ಯ ನಾಯಕ ಆಂಗ್ ಸಾನ್ ಸಚಿವ ಸಂಪುಟದ ಸಭೆಯಲ್ಲಿ ಗುಂಡಿಗೆ ಬಲಿಯಾದರು. ಅದೇ ಸಭೆಯಲ್ಲಿ ಅದೇ ಗುಂಡುಗಳಿಗೆ ಬಲಿಯಾದ ಶಿಕ್ಷಣ ಸಚಿವರ ಹೆಸರು ಊ ರಜಾಕ್. ಮಾಂಡಲೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಈ ಮುಸ್ಲಿಮ್ ನಾಯಕನನ್ನು ಬರ್ಮಾ ಪ್ರತಿವರ್ಷ ಹುತಾತ್ಮರ ದಿನದಂದು ಇತರ ಹುತಾತ್ಮರ ಜೊತೆಗೆ ನೆನೆಯುತ್ತ ಬಂದಿದೆ. ಅಂದರೆ ಸ್ವತಂತ್ರ ಬರ್ಮಾದ ಮೂಲ ಕಲ್ಪನೆಯಲ್ಲಿ ಮುಸ್ಲಿಮನು ಹೊರಗಿನವನಾಗಿರಲಿಲ್ಲ.

ಅವನನ್ನು ಹೊರಗಿನವನನ್ನಾಗಿ ಮಾಡಿದ್ದು ಬಂದೂಕಿನ ಆಡಳಿತ. 1962ರ ಮಾರ್ಚ್ 2ರಂದು ಜನರಲ್ ನೆ ವಿನ್ ಅಧಿಕಾರ ಕಸಿದುಕೊಂಡ. ನಾಲ್ಕೇ ತಿಂಗಳಲ್ಲಿ, ಪ್ರತಿಭಟಿಸಿದ ರಂಗೂನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿ, ಅವರ ಸಂಘದ ಕಟ್ಟಡವನ್ನು ಸ್ಫೋಟಕವಿಟ್ಟು ನೆಲಸಮ ಮಾಡಲಾಯಿತು. ವ್ಯಾಪಾರ-ವಹಿವಾಟು ರಾಷ್ಟ್ರೀಕರಣಗೊಂಡಾಗ ತಲೆಮಾರುಗಳಿಂದ ಅಲ್ಲಿ ಬದುಕಿದ್ದ ಲಕ್ಷಾಂತರ ಭಾರತೀಯ ಮೂಲದವರು ಉಟ್ಟ ಬಟ್ಟೆಯಲ್ಲಿ ಹಡಗು ಹತ್ತಬೇಕಾಯಿತು. 1978ರ ಸೇನಾ ಕಾರ್ಯಾಚರಣೆಯಲ್ಲಿ ಸುಮಾರು 2 ಲಕ್ಷ ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದರು. 1982ರ ಪೌರತ್ವ ಕಾಯಿದೆಯು ಪ್ರಜೆಗಳನ್ನು ಮೂರು ದರ್ಜೆಗಳಲ್ಲಿ ವಿಂಗಡಿಸಿತು. 1823ಕ್ಕೆ ಮುಂಚೆ ಆ ನೆಲದಲ್ಲಿ ನೆಲೆಸಿದ್ದ ಜನಾಂಗಗಳಿಗೆ ಮಾತ್ರ ಹುಟ್ಟಿನಿಂದಲೇ ಪೂರ್ಣ ಪೌರತ್ವ ಎಂದಿತು; ಆ ಜನಾಂಗಗಳ ಪಟ್ಟಿಯಲ್ಲಿ ರೋಹಿಂಗ್ಯಾಗಳ ಹೆಸರಿರಲಿಲ್ಲ. ಅಜ್ಜನ ಗೋರಿ ಯಾವ ಊರಿನಲ್ಲಿದೆಯೋ ಆ ಊರಿನಲ್ಲೇ ಮೊಮ್ಮಗನು ಪರದೇಶಿಯಾದ. 1991-92ರಲ್ಲಿ ಮತ್ತೆ ಸುಮಾರು ಎರಡೂವರೆ ಲಕ್ಷ ಮಂದಿ ಗಡಿ ದಾಟಿದರು. ಈ ಯಾವ ಅನಾಹುತದ ಹೊತ್ತಿನಲ್ಲೂ ಬರ್ಮಾದಲ್ಲಿ ಪ್ರಜಾತಂತ್ರ ಇರಲಿಲ್ಲ ಎಂಬುದನ್ನು ಗಮನಿಸಬೇಕು. ರೋಹಿಂಗ್ಯಾ ದುರಂತವನ್ನು ಬಿತ್ತಿ ಬೆಳೆಸಿದ್ದು ಸೇನೆ. ಸೂಕಿ ಮಾಡಿದ ಪಾಪವು ಆ ಬೆಳೆಗೆ ಬೇಲಿಯಾಗಿ ನಿಂತದ್ದು.

ಇನ್ನು ಆ ಸೇನೆ ಬೌದ್ಧ ಬಹುಸಂಖ್ಯಾತರನ್ನಾದರೂ ಚೆನ್ನಾಗಿ ನೋಡಿಕೊಂಡಿತೇ? 1987ರ ಸೆಪ್ಟೆಂಬರ್‌ನಲ್ಲಿ ನೆ ವಿನ್ ಸರಕಾರ 25, 35 ಮತ್ತು 75 ಕ್ಯಾಟ್‌ಗಳ ನೋಟುಗಳನ್ನು ಯಾವ ಪರಿಹಾರವೂ ಇಲ್ಲದೆ ರದ್ದುಪಡಿಸಿತು. ಚಲಾವಣೆಗೆ ಬಂದದ್ದು 45 ಮತ್ತು 90ರ ನೋಟುಗಳು. 9 ಎಂಬುದು ಸರ್ವಾಧಿಕಾರಿಗೆ ಪ್ರಿಯವಾದ ಸಂಖ್ಯೆಯಾಗಿತ್ತು! ಒಬ್ಬನ ಅಂಧಶ್ರದ್ಧೆಗೆ ಕೋಟ್ಯಂತರ ಮಂದಿಯ ಉಳಿತಾಯ ಆಹುತಿಯಾಯಿತು. ಮರುವರ್ಷ, 1988ರ ಆಗಸ್ಟ್ 8ರಂದು ಇಡೀ ದೇಶವೇ ಬೀದಿಗಿಳಿದಾಗ ಸಾವಿರಾರು ಮಂದಿ ಗುಂಡೇಟಿಗೆ ಬಲಿಯಾದರು. 1990ರ ಮೇ 27ರ ಚುನಾವಣೆಯಲ್ಲಿ ಸೂಕಿಯ ಪಕ್ಷವು 485 ಸ್ಥಾನಗಳಲ್ಲಿ 392ನ್ನು ಗೆದ್ದರೂ ಸೇನೆ ಅಧಿಕಾರ ಬಿಟ್ಟುಕೊಡಲಿಲ್ಲ. ಗೆದ್ದವರು ಜೈಲಿಗೆ ಹೋದರು, ಸೋತವರು ಸಿಂಹಾಸನದಲ್ಲೇ ಉಳಿದರು.

2007ರ ಸೆಪ್ಟೆಂಬರ್‌ನಲ್ಲಿ ಇಂಧನ ಬೆಲೆಯೇರಿಕೆಯ ವಿರುದ್ಧ ಬೌದ್ಧ ಭಿಕ್ಷುಗಳೇ ಬೀದಿಗಿಳಿದರು. ಸೇನಾಧಿಕಾರಿಗಳ ಮನೆಯ ಭಿಕ್ಷೆಯನ್ನು ಸ್ವೀಕರಿಸಲಾರೆವೆಂದು ಭಿಕ್ಷಾಪಾತ್ರೆಯನ್ನು ಬೋರಲು ಹಾಕಿದರು. ಒಂದು ಧಾರ್ಮಿಕ ಸಮೂಹವು ದಬ್ಬಾಳಿಕೆಗಾರನಿಗೆ ನೀಡಬಹುದಾದ ಅತ್ಯಂತ ಶಾಂತ, ಅತ್ಯಂತ ಕಠಿಣ ಉತ್ತರವದು. ಸೇನೆ ಆ ಭಿಕ್ಷುಗಳನ್ನೂ ಬಿಡಲಿಲ್ಲ. ಮಠಗಳಿಗೆ ನುಗ್ಗಿ ಎಳೆದೊಯ್ದಿತು. 'ಧರ್ಮರಕ್ಷಕ' ಎಂದು ಎದೆ ತಟ್ಟಿಕೊಳ್ಳುವ ಸೇನೆಯ ಧರ್ಮ ಯಾವುದೆಂದು ಅಂದೇ ಜಗತ್ತು ಕಂಡಿತು. ವಿಪರ್ಯಾಸವೆಂದರೆ, ರಂಗೂನಿನ ಬೀದಿಗಳಲ್ಲಿ ಭಿಕ್ಷುಗಳು ಮೆರವಣಿಗೆ ಹೊರಟಿದ್ದ ಅದೇ ದಿನಗಳಲ್ಲಿ ನಮ್ಮ ದೇಶದ ಪೆಟ್ರೋಲಿಯಂ ಸಚಿವರು ಅನಿಲದ ಒಪ್ಪಂದಗಳಿಗಾಗಿ ಬರ್ಮಾದಲ್ಲಿದ್ದರು. ಸೂಕಿಗೆ 1993ರ ಸಾಲಿನ ನೆಹರೂ ಪ್ರಶಸ್ತಿ ಘೋಷಿಸಿದ್ದ ಭಾರತವಿದು!

ಸೇನೆಯ ನಿಜವಾದ ಚಾತುರ್ಯ ಕಾಣಿಸಿದ್ದು ಮರುವರ್ಷ. 2008ರ ಮೇ ಮೊದಲ ವಾರದಲ್ಲಿ ನರ್ಗಿಸ್ ಚಂಡಮಾರುತ ಐರಾವತಿ ನದಿಯ ಮುಖಜ ಭೂಮಿಯನ್ನು ಕೊಚ್ಚಿಹಾಕಿತು. ಸತ್ತವರು ಮತ್ತು ಕಾಣೆಯಾದವರು ಸುಮಾರು 1 ಲಕ್ಷ 38 ಸಾವಿರ. ಶವಗಳು ಹೊಲಗಳಲ್ಲಿ ತೇಲುತ್ತಿದ್ದಾಗ, ವಿದೇಶಿ ನೆರವಿನ ಹಡಗುಗಳು ಅನುಮತಿಗಾಗಿ ಕಾಯುತ್ತಿದ್ದಾಗ, ಮೇ 10ರಂದು ಸೇನೆ ಹೊಸ ಸಂವಿಧಾನಕ್ಕಾಗಿ ಜನಮತಗಣನೆ ನಡೆಸಿತು! ನೂರಕ್ಕೆ 92ಕ್ಕೂ ಹೆಚ್ಚು ಮಂದಿ ಒಪ್ಪಿದ್ದಾರೆಂದು ಘೋಷಿಸಲಾಯಿತು. ಆ ಸಂವಿಧಾನದಲ್ಲಿ ಏನಿತ್ತು? ಸಂಸತ್ತಿನ ನಾಲ್ಕನೇ ಒಂದು ಭಾಗದಷ್ಟು ಸ್ಥಾನಗಳು ಚುನಾವಣೆಯೇ ಇಲ್ಲದೆ ಸೇನೆಗೆ ಮೀಸಲು. ಸಂವಿಧಾನದ ಪ್ರಮುಖ ವಿಧಿಗಳ ತಿದ್ದುಪಡಿಗೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಸದಸ್ಯರ ಒಪ್ಪಿಗೆ ಕಡ್ಡಾಯ. ಅಂದರೆ, ಜನರು ಆರಿಸಿದ ಸದಸ್ಯರೆಲ್ಲ ಒಂದಾದರೂ ಸಮವಸ್ತ್ರದವನೊಬ್ಬ ಕೈಯೆತ್ತದೆ ಅಂತಹ ಒಂದು ಅಕ್ಷರವೂ ಬದಲಾಗದು. ರಕ್ಷಣೆ, ಗೃಹ ಮತ್ತು ಗಡಿ ವ್ಯವಹಾರಗಳ ಸಚಿವರನ್ನು ಸೂಚಿಸುವವನು ಸೇನಾಪತಿ. ವಿದೇಶಿ ಪೌರತ್ವದ ಮಕ್ಕಳುಳ್ಳವರು ಅಧ್ಯಕ್ಷರಾಗುವಂತಿಲ್ಲ ಎಂಬ ವಿಧಿಯಂತೂ ಸೂಕಿಯ ಅಳತೆ ತೆಗೆದು ಹೊಲಿದ ಅಂಗಿ. ಮನೆಯನ್ನು ಬಾಡಿಗೆಗೆ ಕೊಟ್ಟು ಅಡುಗೆಕೋಣೆ, ಹೆಬ್ಬಾಗಿಲು ಮತ್ತು ಬೀಗದ ಕೈಗಳನ್ನು ತನ್ನಲ್ಲೇ ಇಟ್ಟುಕೊಳ್ಳುವ ಒಡೆಯನ ಉಪಾಯವಿದು.

ಈ ಬೀಗವನ್ನು ತೆರೆಯಲು ಹೊರಟವರಲ್ಲಿ ಮುಂಚೂಣಿಯಲ್ಲಿದ್ದವರು ಓರ್ವ ಮುಸ್ಲಿಮ್ ವಕೀಲ. ಅವರ ಹೆಸರು ಕೋ ನೀ. ಸೂಕಿಯ ಪಕ್ಷದ ಕಾನೂನು ಸಲಹೆಗಾರರಾಗಿದ್ದ ಅವರು ಸೇನೆ ಬರೆದ ಸಂವಿಧಾನವನ್ನು ಅಕ್ಷರ ಅಕ್ಷರವಾಗಿ ಓದಿ ಅದರಲ್ಲೊಂದು ಸಂದಿಯನ್ನು ಕಂಡುಹಿಡಿದರು. ಅಧ್ಯಕ್ಷ ಹುದ್ದೆಗೆ ತಡೆಯಿದ್ದರೇನು, 'ರಾಷ್ಟ್ರ ಸಲಹೆಗಾರ' ಎಂಬ ಹೊಸ ಹುದ್ದೆಯನ್ನು ಕಾನೂನಿನ ಮೂಲಕ ಸೃಷ್ಟಿಸಬಹುದಲ್ಲ! 2016ರ ಏಪ್ರಿಲ್‌ನಲ್ಲಿ ಸೂಕಿ ಆ ಹುದ್ದೆಯಲ್ಲಿ ಕುಳಿತದ್ದು ಈ ವಕೀಲರ ಬುದ್ಧಿಬಲದಿಂದ. ಅವರು ಅಷ್ಟಕ್ಕೇ ನಿಲ್ಲದೆ ಇಡೀ ಸಂವಿಧಾನವನ್ನೇ ಬದಲಿಸಬೇಕೆಂದು ಬಹಿರಂಗವಾಗಿ ವಾದಿಸುತ್ತಿದ್ದರು. 2017ರ ಜನವರಿ 29ರಂದು ಇಂಡೋನೇಷ್ಯಾದಿಂದ ಮರಳಿ ಯಾಂಗೂನ್ ವಿಮಾನ ನಿಲ್ದಾಣದ ಹೊರಗೆ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದಾಗ ಹಿಂದಿನಿಂದ ಬಂದವನೊಬ್ಬ ಅವರ ತಲೆಗೆ ಗುಂಡಿಕ್ಕಿದ. ಹಂತಕನನ್ನು ಹಿಡಿಯಲು ಬೆನ್ನಟ್ಟಿದ ಟ್ಯಾಕ್ಸಿ ಚಾಲಕನೂ ಬಲಿಯಾದ. ಸಂಚಿನ ಆರೋಪಿಗಳಲ್ಲಿ ಸೇನೆಯ ಮಾಜಿ ಅಧಿಕಾರಿಗಳಿದ್ದರು. ಆ ಟ್ಯಾಕ್ಸಿ ಚಾಲಕ ಓಡಿದ್ದು ಧರ್ಮ ಕೇಳಿ ಅಲ್ಲ. ಕಣ್ಣೆದುರು ಒಬ್ಬ ಮನುಷ್ಯನ ಕೊಲೆಯಾಯಿತು, ಅವನು ಓಡಿದ.

ಕೋ ನೀ ಅವರ ಪಕ್ಷ ಅವರಿಗೆ ಕೊಟ್ಟದ್ದೇನು? 2015ರ ಚುನಾವಣೆಯಲ್ಲಿ ಆ ಪಕ್ಷವು ದೇಶದಾದ್ಯಂತ ಒಬ್ಬನೇ ಒಬ್ಬ ಮುಸ್ಲಿಮನಿಗೂ ಟಿಕೆಟ್ ಕೊಡಲಿಲ್ಲ. ಉಗ್ರ ಭಿಕ್ಷುಗಳ ಗುಂಪು ಮುನಿದೀತೆಂಬ ಭಯ. ಕೋ ನೀ ಇದನ್ನು ಬಹಿರಂಗವಾಗಿಯೇ ಟೀಕಿಸಿದರು, ಆದರೆ ಪಕ್ಷವನ್ನು ತೊರೆಯಲಿಲ್ಲ. ಅವರ ಅಂತ್ಯಕ್ರಿಯೆಗೆ ಸೂಕಿ ಬರಲಿಲ್ಲ. ಅವರನ್ನು ಹೊಗಳಿ ಮಾತಾಡಿದ್ದು ಸುಮಾರು ಒಂದು ತಿಂಗಳ ಬಳಿಕ ನಡೆದ ಸ್ಮರಣ ಸಭೆಯಲ್ಲಿ. ಅದೇ ವರ್ಷದ ಆಗಸ್ಟ್ 25ರ ನಂತರ 7 ಲಕ್ಷಕ್ಕೂ ಅಧಿಕ ರೋಹಿಂಗ್ಯಾಗಳು ಕೆಸರು, ಮಳೆ, ನದಿಗಳನ್ನು ದಾಟಿ ಕಾಕ್ಸ್ ಬಜಾರ್ ತಲುಪಿದರು. ಇನ್ ದಿನ್ ಎಂಬ ಹಳ್ಳಿಯಲ್ಲಿ ಹತ್ತು ಮಂದಿ ರೋಹಿಂಗ್ಯಾಗಳನ್ನು ಕೊಂದು ಹೂತದ್ದನ್ನು ಬಯಲಿಗೆಳೆದ ಇಬ್ಬರು ಪತ್ರಕರ್ತರನ್ನು ಸೂಕಿಯ ಆಡಳಿತದಲ್ಲೇ ಜೈಲಿಗೆ ತಳ್ಳಲಾಯಿತು. ಅವರು ಜೈಲಿನಲ್ಲಿ ಕಳೆದದ್ದು 16 ತಿಂಗಳಿಗೂ ಹೆಚ್ಚು. ಆ ಕೊಲೆಗಾಗಿ 10 ವರ್ಷಗಳ ಶಿಕ್ಷೆಗೊಳಗಾದ ಸೈನಿಕರು ಒಂದು ವರ್ಷವೂ ತುಂಬುವ ಮೊದಲೇ ಹೊರಬಂದರು! 2019ರ ಡಿಸೆಂಬರ್‌ನಲ್ಲಿ ಸೂಕಿ ಸ್ವತಃ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಸೇನೆಯ ಕೃತ್ಯವನ್ನು ಸಮರ್ಥಿಸಿದರು. ಈ ಅಪರಾಧವನ್ನು ನಾವು ಕ್ಷಮಿಸಬೇಕಾಗಿಲ್ಲ, ಮರೆಯಲೂ ಬೇಕಾಗಿಲ್ಲ.

ಆದರೆ ಈ ಅಪರಾಧದಿಂದ ಕಲಿಯಬೇಕಾದ ಪಾಠವೇನು? 'ಪ್ರಜಾತಂತ್ರವೆಂದರೆ ಬಹುಸಂಖ್ಯಾತರ ದಬ್ಬಾಳಿಕೆ, ಅದಕ್ಕಿಂತ ಸೇನೆಯ ಶಿಸ್ತೇ ಮೇಲು' ಎಂಬುದೇ? ನಮ್ಮಲ್ಲಿ ಕೆಲವರು ಹಾಗೆ ವಾದಿಸುತ್ತಾರೆ. ಇದು ನಮ್ಮ ಸಮುದಾಯದ ಕಾಯಿಲೆ ಮಾತ್ರವೂ ಅಲ್ಲ. ಬಸ್ಸು ತಡವಾದರೆ, ಲಂಚ ಕೇಳಿದರೆ, 'ಈ ದೇಶಕ್ಕೆ ಐದು ವರ್ಷ ಮಿಲಿಟರಿ ಆಡಳಿತ ಬೇಕು ನೋಡಿ' ಎಂದು ನಿಟ್ಟುಸಿರುಬಿಡುವ ಸಭ್ಯ ಗೃಹಸ್ಥರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಅವರಿಗೆ ಬರ್ಮಾವನ್ನು ತೋರಿಸಬೇಕು. ಅಲ್ಲಿ ಐದು ವರ್ಷಕ್ಕೆಂದಲ್ಲ, 1962ರಿಂದ ಸುಮಾರು ಐದು ದಶಕಗಳ ಕಾಲ ಸೇನೆ ಕೂತಿತು. ಒಂದು ಕಾಲದಲ್ಲಿ ಜಗತ್ತಿಗೇ ಅಕ್ಕಿ ರಫ್ತು ಮಾಡುತ್ತಿದ್ದ ನಾಡು 1987ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಗೆ ಸೇರಿತು. ಶಿಸ್ತಿನ ಫಲವಿದು.

ಸೂಕಿಯ ಸರಕಾರದ ವೈಫಲ್ಯದ ಕಾರಣ ಪ್ರಜಾತಂತ್ರ ಹೆಚ್ಚಾದದ್ದಲ್ಲ, ಕಡಿಮೆಯಾದದ್ದು. ಬಂದೂಕಿನೊಡನೆ ಅಧಿಕಾರ ಹಂಚಿಕೊಳ್ಳಲು ಹೊರಟವರು ದುರ್ಬಲರ ಹಕ್ಕುಗಳನ್ನೇ ಮೊದಲ ಕಂತಾಗಿ ಪಾವತಿಸಿದರು. ಮೊದಲು ರೋಹಿಂಗ್ಯಾಗಳನ್ನು ಬಿಟ್ಟುಕೊಟ್ಟರು, ಬಳಿಕ ಪತ್ರಕರ್ತರನ್ನು. ಕೊನೆಗೆ ಸೇನೆ ಅವರನ್ನೇ ಕೇಳಿತು. ಅಲ್ಪಸಂಖ್ಯಾತರನ್ನು ಹೊರಗಿಟ್ಟು ಕಟ್ಟಿದ ಪ್ರಜಾತಂತ್ರಕ್ಕೆ ಬುನಾದಿಯಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಈ ಸಾಕ್ಷ್ಯವು ನಮ್ಮ ದೇಶದ ಬಹುಸಂಖ್ಯಾತವಾದಿಗಳಿಗೂ ಅನ್ವಯಿಸುತ್ತದೆ.

ಇನ್ನೊಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಆಲ್ಜೀರಿಯಾದಲ್ಲಿ 1991ರ ಡಿಸೆಂಬರ್‌ನ ಮೊದಲ ಸುತ್ತಿನಲ್ಲೇ ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ ಗೆದ್ದಾಗ ಸೇನೆ ಮಧ್ಯಪ್ರವೇಶಿಸಿ ಚುನಾವಣೆಯನ್ನೇ ರದ್ದುಪಡಿಸಿತು. ಪಾಶ್ಚಾತ್ಯ ರಾಷ್ಟ್ರಗಳು ಒಳಗೊಳಗೇ ನೆಮ್ಮದಿಪಟ್ಟವು. ಈಜಿಪ್ಟಿನಲ್ಲಿ 2013ರ ಜುಲೈ 3ರಂದು ಚುನಾಯಿತ ಅಧ್ಯಕ್ಷ ಮುಹಮ್ಮದ್ ಮುರ್ಸಿಯನ್ನು ಸೇನೆ ಪದಚ್ಯುತಗೊಳಿಸಿದಾಗ, ಆಗಸ್ಟ್ 14ರಂದು ರಾಬಿಆ ಚೌಕದಲ್ಲಿ ನೂರಾರು ಮಂದಿಯನ್ನು ಕೊಂದಾಗ, 'ಮುರ್ಸಿ ಆಡಳಿತದಲ್ಲಿ ಲೋಪಗಳಿದ್ದುವು' ಎಂದು ಸಮಜಾಯಿಷಿ ನೀಡಿದ ಉದಾರವಾದಿಗಳನ್ನು ನಾವು ಕಟುವಾಗಿ ಖಂಡಿಸಿದೆವು. ಲೋಪಗಳಿದ್ದರೆ ಜನರು ಮತದಿಂದ ತಿದ್ದಲಿ, ಟ್ಯಾಂಕಿನಿಂದಲ್ಲ ಎಂದೆವು. ಆ ವಾದ ಕೈರೋದಲ್ಲಿ ಸರಿಯಾಗಿದ್ದರೆ ಯಾಂಗೂನಿನಲ್ಲಿ ತಪ್ಪಾಗುವುದು ಹೇಗೆ? ನಮ್ಮವರು ಬಿದ್ದಾಗ ಒಂದು ಅಳತೆಗೋಲು, ನಮಗೆ ಅನ್ಯಾಯ ಮಾಡಿದವರು ಬಿದ್ದಾಗ ಇನ್ನೊಂದು ಅಳತೆಗೋಲು ಎಂದಾದರೆ ನಮಗೂ ಆ ಉದಾರವಾದಿಗಳಿಗೂ ಇರುವ ವ್ಯತ್ಯಾಸವೇನು? ನ್ಯಾಯವು ಮಿತ್ರ-ಶತ್ರು ನೋಡುವುದಿಲ್ಲ ಎಂಬ ಪಾಠವನ್ನು ಬಾಲ್ಯದಿಂದಲೂ ಕೇಳುತ್ತ ಬೆಳೆದವರು ನಾವು. ಅದನ್ನು ಪಾಲಿಸಬೇಕಾದ ಸಂದರ್ಭ ಇಂತಹ ಕಹಿ ಗಳಿಗೆಗಳಲ್ಲೇ ಬರುತ್ತದೆ.

ಈ ಪಾಠವನ್ನು ನಮಗಿಂತ ಚೆನ್ನಾಗಿ ಅರಿತವರು ರೋಹಿಂಗ್ಯಾಗಳೇ. 2021ರಲ್ಲಿ ವೈದ್ಯರು ಆಸ್ಪತ್ರೆ ತೊರೆದು, ಶಿಕ್ಷಕರು ಶಾಲೆ ತೊರೆದು ಸೇನೆಗೆ ಅಸಹಕಾರ ಸಾರಿದಾಗ, ರಾತ್ರಿ ಎಂಟು ಗಂಟೆಗೆ ಮನೆಮನೆಗಳಿಂದ ಪಾತ್ರೆ ಬಡಿಯುವ ಸದ್ದು ಮೊಳಗಿದಾಗ, ಕಾಕ್ಸ್ ಬಜಾರಿನ ನಿರಾಶ್ರಿತ ಶಿಬಿರಗಳಲ್ಲಿ ಕುಳಿತ ರೋಹಿಂಗ್ಯಾ ಯುವಕರು ಮೂರು ಬೆರಳೆತ್ತಿ ಆ ಹೋರಾಟಕ್ಕೆ ಬೆಂಬಲ ಸೂಚಿಸಿದರು. ತಮ್ಮನ್ನು ಓಡಿಸಿದಾಗ ಸುಮ್ಮನಿದ್ದ ಜನರಿಗೆ ಅವರು ತೋರಿದ ಔದಾರ್ಯವಿದು. ಅತ್ತ ಬರ್ಮಾದ ಅನೇಕ ಯುವಕರು, ಸೇನೆಯ ಮಾತು ನಂಬಿ ನಿಮ್ಮ ನೋವನ್ನು ಅಲ್ಲಗಳೆದೆವು ಎಂದು ಬಹಿರಂಗವಾಗಿ ಕ್ಷಮೆ ಯಾಚಿಸಿದರು. 2021ರ ಜೂನ್‌ನಲ್ಲಿ, ಪದಚ್ಯುತ ಸಂಸದರು ಮತ್ತು ಇತರರು ರಚಿಸಿದ ರಾಷ್ಟ್ರೀಯ ಐಕ್ಯ ಸರಕಾರವು 1982ರ ಪೌರತ್ವ ಕಾಯಿದೆಯನ್ನು ರದ್ದುಪಡಿಸುವ ವಾಗ್ದಾನ ನೀಡಿತು. 2023ರಲ್ಲಿ ಓರ್ವ ರೋಹಿಂಗ್ಯಾನನ್ನು ಮಾನವ ಹಕ್ಕುಗಳ ಉಪಸಚಿವನನ್ನಾಗಿ ನೇಮಿಸಿತು. ಚುನಾಯಿತ ಸರಕಾರ ಐದು ವರ್ಷಗಳಲ್ಲಿ ಉಚ್ಚರಿಸಲೂ ಹೆದರಿದ್ದ 'ರೋಹಿಂಗ್ಯಾ' ಎಂಬ ಪದವನ್ನು ಅಧಿಕಾರ ಕಳೆದುಕೊಂಡವರು ಉಚ್ಚರಿಸಿದರು. ವಾಗ್ದಾನ ಕಾಗದದ ಮೇಲಿನದು ಎನ್ನಬಹುದು. ನಿಜ. ಅರಕಾನಿನಲ್ಲಿ ಸೇನೆಯ ವಿರುದ್ಧ ಹೋರಾಡುತ್ತಿರುವ ಅರಕಾನ್ ಆರ್ಮಿಯ ಮೇಲೂ 2024ರಲ್ಲಿ ರೋಹಿಂಗ್ಯಾಗಳ ಮೇಲೆ ದೌರ್ಜನ್ಯವೆಸಗಿದ ಗಂಭೀರ ಆರೋಪಗಳು ಬಂದಿವೆ. ಸೇನೆಯನ್ನು ವಿರೋಧಿಸುವವರೆಲ್ಲ ನ್ಯಾಯವಂತರಲ್ಲ. ಆದರೆ ವಾಗ್ದಾನ ಕೊಟ್ಟವರ ಕೊರಳಪಟ್ಟಿ ಹಿಡಿದು ಕೇಳಬಹುದು. ಬಂದೂಕಿನವನನ್ನು ಕೇಳುವವರು ಯಾರು?

ಬಂದೂಕಿನವನು ಏನು ಮಾಡಿದ ಎಂಬುದನ್ನೂ ನೋಡಿ. 2022ರ ಜುಲೈಯಲ್ಲಿ ಮಾಜಿ ಸಂಸದನೊಬ್ಬನ ಸಹಿತ ನಾಲ್ವರನ್ನು ಗಲ್ಲಿಗೇರಿಸಿದ. 2023ರ ಮಾರ್ಚ್‌ನಲ್ಲಿ ಸೂಕಿಯ ಪಕ್ಷವನ್ನೇ ವಿಸರ್ಜಿಸಿದ. 2024ರಲ್ಲಿ ಕಡ್ಡಾಯ ಸೈನಿಕ ಸೇವೆಯ ಕಾಯಿದೆಯನ್ನು ಜಾರಿಗೆ ತಂದು, ಯಾರನ್ನು ಪ್ರಜೆಗಳೇ ಅಲ್ಲವೆಂದು ಹೊರದಬ್ಬಿದ್ದನೋ ಅದೇ ರೋಹಿಂಗ್ಯಾಗಳ ಮಕ್ಕಳನ್ನು ಶಿಬಿರಗಳಿಂದ ಎಳೆದೊಯ್ದು ಸಮವಸ್ತ್ರ ತೊಡಿಸಿ ಯುದ್ಧಕ್ಕೆ ಕಳುಹಿಸಿದ. ಮತ ಹಾಕಲು ಪ್ರಜೆಯಲ್ಲ, ಸಾಯಲು ಮಾತ್ರ ಪ್ರಜೆ! 2025ರ ಮಾರ್ಚ್ 28, ರಮಝಾನಿನ ಕೊನೆಯ ಶುಕ್ರವಾರ, ಜುಮಾ ನಮಾಝಿನ ವೇಳೆಗೆ ಮಾಂಡಲೆ-ಸಗಾಯಿಂಗ್ ಪ್ರದೇಶವನ್ನು 7.7 ತೀವ್ರತೆಯ ಭೂಕಂಪ ನಡುಗಿಸಿತು. ಮಸೀದಿಗಳು ಕುಸಿದು ನೂರಾರು ಮಂದಿ ನಮಾಝಿಗಳು ಮರಣವನ್ನಪ್ಪಿದರು. ಹಳೆಯ ಮಸೀದಿಗಳ ದುರಸ್ತಿಗೂ ಅನುಮತಿ ಸಿಗದ ನಾಡಿನಲ್ಲಿ ಆ ಸಾವುಗಳನ್ನು ಕೇವಲ ಭೂಮಿಯ ತಲೆಗೆ ಕಟ್ಟಲಾಗದು. ಅದೇ ಭೂಕಂಪದಲ್ಲಿ ಬೌದ್ಧ ವಿಹಾರಗಳು ಕುಸಿದು ಭಿಕ್ಷುಗಳೂ ಸತ್ತರು. ಅವಶೇಷಗಳಡಿಯಿಂದ ಜನರನ್ನು ಹೊರತೆಗೆಯುತ್ತಿದ್ದ ದಿನಗಳಲ್ಲೇ ಸೇನೆ ವಿಮಾನಗಳಿಂದ ಬಾಂಬು ಸುರಿಸಿತು. ಆ ಬಾಂಬುಗಳಿಗೂ ಧರ್ಮ ಗೊತ್ತಿರಲಿಲ್ಲ.

2025ರ ಡಿಸೆಂಬರ್ 28ರಿಂದ ಅದೇ ಸೇನೆ ಹಂತಹಂತವಾಗಿ ಚುನಾವಣೆಯ ನಾಟಕವಾಡಿತು. ಗೆಲ್ಲಬಹುದಾದ ಪಕ್ಷವನ್ನು ವಿಸರ್ಜಿಸಿ, ನಾಯಕರನ್ನು ಜೈಲಿಗಟ್ಟಿ, ದೇಶದ ಅನೇಕ ಭಾಗಗಳಲ್ಲಿ ಮತಗಟ್ಟೆಯನ್ನೇ ತೆರೆಯದೆ ನಡೆಸುವ ಚುನಾವಣೆಗೆ ಚುನಾವಣೆಯೆಂದು ಕರೆಯುವುದು ಆ ಪದಕ್ಕೇ ಅವಮಾನ. ಮತಪೆಟ್ಟಿಗೆಯಿದ್ದ ಮಾತ್ರಕ್ಕೆ ಪ್ರಜಾತಂತ್ರ ಬರುವುದಿಲ್ಲ. 2008ರ ಹೆಣಗಳ ನಡುವೆಯೂ ಒಂದು ಮತಪೆಟ್ಟಿಗೆಯಿತ್ತು.

ನಾವು ಇಲ್ಲಿಂದ ಮಾಡಬಹುದಾದದ್ದೇನು? ಮೊದಲನೆಯದಾಗಿ, ಸೇನೆಯ ಗೆಲುವಿನಲ್ಲಿ ಪ್ರತೀಕಾರದ ಸುಖ ಹುಡುಕುವುದನ್ನು ಬಿಡಬೇಕು. ಎರಡನೆಯದಾಗಿ, ಆ ಸೇನೆಯಿಂದ ತಪ್ಪಿಸಿಕೊಂಡು ನಮ್ಮ ನೆಲಕ್ಕೆ ಬಂದವರನ್ನು ಮತ್ತೆ ಅದೇ ಸೇನೆಯ ಕೈಗೊಪ್ಪಿಸುವುದನ್ನು ವಿರೋಧಿಸಬೇಕು. 2018ರ ಅಕ್ಟೋಬರ್‌ನಲ್ಲಿ ಏಳು ಮಂದಿ ರೋಹಿಂಗ್ಯಾಗಳನ್ನು ಗಡಿಯಾಚೆಗೆ ಒಪ್ಪಿಸಿದಾಗ ಭಾರತ ಸರಕಾರ ಇಟ್ಟ ಹೆಜ್ಜೆ ತಪ್ಪಾಗಿತ್ತು. ಮಿಜೋರಾಂಗೆ ಓಡಿಬಂದ ಬರ್ಮಾದ ಕ್ರೈಸ್ತ ಚಿನ್ ಜನರಿಗೆ ಅಲ್ಲಿನ ಜನತೆ ಆಶ್ರಯ ಕೊಟ್ಟದ್ದು ಸರಿಯಾಗಿತ್ತು. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ನೈತಿಕ ಧೈರ್ಯ ನಮಗಿರಬೇಕು. ನಮ್ಮವರಿಗೆ ಮಾತ್ರ ಆಶ್ರಯ ಕೇಳುವವನ ದನಿಗೆ ಬೆಲೆಯಿಲ್ಲ. ಮೂರನೆಯದಾಗಿ, ನಮ್ಮ ಮಕ್ಕಳಿಗೆ ಸೂಕಿಯ ಕಥೆಯ ಜೊತೆಗೆ ಊ ರಜಾಕ್ ಮತ್ತು ಕೋ ನೀ ಅವರ ಕಥೆಯನ್ನೂ ಹೇಳಬೇಕು.

ಕೋ ನೀ ಅವರಿಗೆ ತಮ್ಮ ಪಕ್ಷದ ಹೇಡಿತನ ತಿಳಿದಿರಲಿಲ್ಲವೇ? ಚೆನ್ನಾಗಿಯೇ ತಿಳಿದಿತ್ತು. ತಮ್ಮ ಸಮುದಾಯದ ಒಬ್ಬನಿಗೂ ಟಿಕೆಟ್ ಕೊಡದ ಪಕ್ಷಕ್ಕಾಗಿ ಅವರು ಕಾನೂನಿನ ಪುಟಗಳನ್ನು ತಿರುವುತ್ತ ಕುಳಿತದ್ದು ಸೂಕಿಯ ಮೇಲಿನ ಮೋಹದಿಂದಲ್ಲ. ಸೇನೆ ಬರೆದ ಆ ಸಂವಿಧಾನ ಬದಲಾಗದೆ ಬೌದ್ಧನಿಗೂ ಬಿಡುಗಡೆಯಿಲ್ಲ, ಮುಸ್ಲಿಮನಿಗೂ ಬಿಡುಗಡೆಯಿಲ್ಲ ಎಂದು ಅವರು ಅರಿತಿದ್ದರು. ಅದನ್ನು ಅರಿತಿದ್ದರಿಂದಲೇ ಅವರನ್ನು ಕೊಲ್ಲಲಾಯಿತು. ಅವರನ್ನು ಕೊಂದವರ ಸಾಲಿನಲ್ಲಿ ನಿಂತು ನಾವು ಸಂಭ್ರಮಿಸುವುದು ಬೇಡ.